ದಿನದ ಕೆಲಸ ದಿನವೇ ಸೇರಲಿ



ಮೈಸೂರಿನ ಸಾಫ್ಟ್‌ವೇರ್ ಅಂದರೆ ಬಹಳ ಜನರಿಗೆ ಕಣ್ಣ ಮುಂದೆ ಬರುವುದು ಹೆಬ್ಬಾಳದ ಇನ್ಫೋಸಿಸ್ ಆವರಣ. ಅದು ಸಹಜವೇ. ಆದರೆ ಊರಿನ ಬಡಾವಣೆಗಳ ಮನೆ ಮಹಡಿಗಳಲ್ಲಿ ಐದಾರು ಮಂದಿ, ಹತ್ತು ಮಂದಿ ಕೂತು ಕೆಲಸ ಮಾಡುವ ಚಿಕ್ಕ ತಂಡಗಳೂ ಇವೆ. ನಾನಿರುವುದು ಅಂಥದೊಂದರಲ್ಲಿ. ರಾಜೀವನಗರದಲ್ಲಿ, ಅಲ್ ಬದರ್ ವೃತ್ತದಿಂದ ನಡೆದೇ ಬರಬಹುದಾದ ಮನೆಯೊಂದರ ಮೊದಲ ಮಹಡಿ. ಖಾಸಗಿ ಶಾಲೆಗಳಿಗೆ ಶುಲ್ಕ, ರಸೀದಿ, ಹಾಜರಿ, ಶಾಲಾ ವಾಹನದ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕಸುಬು. ತಂಡದಲ್ಲಿರುವವರು ಹೆಚ್ಚಾಗಿ ಇಲ್ಲೇ ಹುಟ್ಟಿ ಬೆಳೆದು ಇಲ್ಲಿನ ಕಾಲೇಜುಗಳಲ್ಲೇ ಇಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು. ಬೆಂಗಳೂರಿಗೆ ಹೋಗದೆ, ಮನೆಯಲ್ಲಿದ್ದುಕೊಂಡೇ ಒಳ್ಳೆಯ ಕೆಲಸ ಮಾಡಬೇಕೆಂಬ ಹಟ ಇರುವವರು.

ಇಂಥ ತಂಡಗಳಿಗೆ ದೊಡ್ಡ ಕಂಪನಿಗಳಿಗಿಂತಲೂ ಹೆಚ್ಚಾಗಿ ಬೇಕಾದ ಒಂದು ಶಿಸ್ತಿದೆ. ಕಂಟಿನ್ಯೂಯಸ್ ಇಂಟಿಗ್ರೇಷನ್ ಅಂತ ಅದರ ಹೆಸರು, ಬಾಯಿಮಾತಿನಲ್ಲಿ ಸಿಐ. ಇವತ್ತು ಅದರ ಬಗ್ಗೆ ಹೇಳಬೇಕು ಅಂತ ಬಂದಿದ್ದೇನೆ. ಕಂಪ್ಯೂಟರಿನ ಕೆಲಸ ಮಾಡದವರೂ ಇದನ್ನು ಕೇಳಬೇಕು ಅನ್ನುವುದು ನನ್ನಾಸೆ. ನಿಮ್ಮ ಮಗುವಿನ ಶುಲ್ಕದ ರಸೀದಿ ಸರಿಯಾಗಿ ಬರುವುದಕ್ಕೂ ನಿಮ್ಮ ಮಗ ಅಥವಾ ಮಗಳು ರಾತ್ರಿ ಎಷ್ಟು ಗಂಟೆಗೆ ಕೆಲಸದಿಂದ ಮನೆಗೆ ಬರುತ್ತಾರೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿದೆ.

ಒಂದು ಸಾಫ್ಟ್‌ವೇರ್ ಅಂದರೆ ಸಾವಿರಾರು, ಲಕ್ಷಾಂತರ ಸಾಲುಗಳ ಬರವಣಿಗೆ, ಅದಕ್ಕೇ ಕೋಡು ಅನ್ನುವುದು. ಅದನ್ನು ಒಬ್ಬರೇ ಬರೆಯುವುದಿಲ್ಲ. ಪ್ರತಿಯೊಬ್ಬರೂ ಅದರ ಒಂದು ಪ್ರತಿಯನ್ನು ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ತಮ್ಮ ಪಾಲಿನ ಭಾಗವನ್ನು ತಿದ್ದಿ, ಆಮೇಲೆ ಎಲ್ಲರದನ್ನೂ ಒಟ್ಟುಗೂಡಿಸಬೇಕು. ಈ ಒಟ್ಟುಗೂಡಿಸುವುದನ್ನು ಮುಂದಕ್ಕೆ ಹಾಕಿದಷ್ಟೂ ಕಷ್ಟ. ನಮ್ಮ ಬಡಾವಣೆಯಲ್ಲಿ ಸದಾ ಯಾವುದಾದರೂ ಮನೆ ಮೇಲಕ್ಕೇಳುತ್ತಲೇ ಇರುತ್ತದೆ. ಗಾರೆಯವರು ಗೋಡೆ ಎಬ್ಬಿಸುತ್ತಿರುವಾಗ ಮರಗೆಲಸದವರು ಅಳತೆ ಕೇಳಿಕೊಂಡು ಹೋಗಿ, ಎರಡು ತಿಂಗಳು ಆ ಕಡೆ ತಲೆ ಹಾಕದೆ, ಗೃಹಪ್ರವೇಶದ ಹಿಂದಿನ ದಿನ ಬಾಗಿಲು ತಂದು ನಿಲ್ಲಿಸಿದರು ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ನೆಲಕ್ಕೆ ಗ್ರಾನೈಟ್ ಬಿದ್ದು ಅರ್ಧ ಇಂಚು ಮೇಲೆ ಬಂದಿದೆ. ಬಾಗಿಲು ಚೆನ್ನಾಗಿದೆ, ನೆಲವೂ ಚೆನ್ನಾಗಿದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಯಾರನ್ನು ದೂರುವುದು?

ಸಾಫ್ಟ್‌ವೇರ್ ತಂಡಗಳಲ್ಲಿ ಇಂಥ ಹಿಂದಿನ ದಿನಕ್ಕೆ, ಅಂದರೆ ಹೊಸ ಆವೃತ್ತಿ ಬಳಸುವವರ ಕೈಗೆ ಹೋಗುವ ಮುನ್ನಿನ ರಾತ್ರಿಗೆ, ರಿಲೀಸ್ ನೈಟ್ ಅನ್ನುತ್ತಾರೆ. ಒಬ್ಬರು ಮೂರು ವಾರ ಬರೆದದ್ದು, ಇನ್ನೊಬ್ಬರು ಒಂದು ತಿಂಗಳು ಬರೆದದ್ದು, ಎಲ್ಲ ಆ ರಾತ್ರಿ ಮರ್ಜ್ ಆಗಬೇಕು. ಒಂದೇ ಸಾಲನ್ನು ಇಬ್ಬರು ಎರಡು ರೀತಿ ತಿದ್ದಿರುತ್ತಾರೆ. ಪರದೆ ತುಂಬ ಕಾನ್‌ಫ್ಲಿಕ್ಟ್. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ನಿದ್ದೆಗಣ್ಣಿನಲ್ಲಿ ತೀರ್ಮಾನ. ಬೆಳಗ್ಗೆ ಶಾಲೆಯ ಕಚೇರಿ ತೆರೆಯುವ ಹೊತ್ತಿಗೆ ಫೋನು ಶುರು.

ಇದಕ್ಕೆ ಪರಿಹಾರ ಕಂಡುಕೊಂಡವರು ಹೇಳಿದ ಮಾತು ಬಹಳ ಸರಳ. ಕಷ್ಟವಾಗುವ ಕೆಲಸವನ್ನು ಮುಂದೂಡಬೇಡಿ, ದಿನಾ ಮಾಡಿ. ಕಂಟಿನ್ಯೂಯಸ್ ಇಂಟಿಗ್ರೇಷನ್ ಎಂಬ ಹೆಸರನ್ನು ಸಾಫ್ಟ್‌ವೇರ್ ತಜ್ಞ ಗ್ರೇಡಿ ಬೂಚ್ 1990ರ ದಶಕದ ಮೊದಲ ಭಾಗದಲ್ಲೇ ಬಳಸಿದ್ದರು. ಆದರೆ ದಿನಕ್ಕೆ ಹಲವು ಸಲ ಸೇರಿಸಲೇಬೇಕು ಅಂತ ಪಟ್ಟು ಹಿಡಿದವರು ಕೆಂಟ್ ಬೆಕ್. ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಯ ಸಂಬಳದ ಲೆಕ್ಕದ ಸಾಫ್ಟ್‌ವೇರ್ ಮಾಡುವಾಗ ಅವರ ತಂಡ ರೂಢಿಸಿಕೊಂಡ ಪದ್ಧತಿಗಳಲ್ಲಿ ಇದೂ ಒಂದು. 1999ರಲ್ಲಿ ಈ ಪದ್ಧತಿಗಳ ಬಗ್ಗೆ ಬೆಕ್ ಅವರ ಪುಸ್ತಕ ಬಂತು, 2000ದಲ್ಲಿ ಇನ್ನೊಬ್ಬ ಸಾಫ್ಟ್‌ವೇರ್ ತಜ್ಞ ಮಾರ್ಟಿನ್ ಫೌಲರ್ ಸಿಐ ಮೇಲೆಯೇ ಒಂದು ಲೇಖನ ಬರೆದರು. ಲೋಕಕ್ಕೆಲ್ಲ ಗೊತ್ತಾದದ್ದು ಆಮೇಲೆ.

ಇದು ಕರ್ನಾಟಕಕ್ಕೆ ತಡವಾಗಿ ಬಂದದ್ದೂ ಅಲ್ಲ. ಫೌಲರ್ ಕೆಲಸ ಮಾಡುವ ಥಾಟ್‌ವರ್ಕ್ಸ್ ಎಂಬ ಕಂಪನಿ 2001ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಅದೇ ಹೊತ್ತಿಗೆ ಕ್ರೂಸ್ ಕಂಟ್ರೋಲ್ ಎಂಬ ಸಿಐ ಸಾಧನವನ್ನೂ ಹೊರತಂದಿತು. ಬೆಂಗಳೂರಿನಲ್ಲಿ ಕೂತವರೂ ಅಮೆರಿಕದಲ್ಲಿ ಕೂತವರೂ ಒಂದೇ ಕೋಡಿನ ಮೇಲೆ ಕೆಲಸ ಮಾಡುತ್ತಿದ್ದರು. ಆ ಅನುಭವವನ್ನು ಫೌಲರ್ ಬರೆದಿಟ್ಟಿದ್ದಾರೆ. ಎಷ್ಟೇ ಎಚ್ಚರದಿಂದ ಕೆಲಸ ಹಂಚಿಕೊಂಡರೂ ಕೊನೆಯಲ್ಲಿ ಜೋಡಿಸುವಾಗ ತೊಡಕು ತಪ್ಪುವುದಿಲ್ಲ, ಅದಕ್ಕೇ ಎರಡೂ ಕಡೆಯವರು ಒಂದೇ ಮುಖ್ಯ ಕೋಡಿಗೆ ಸೇರಿಸುತ್ತ ಹೋಗುವ ದಾರಿ ಹಿಡಿದೆವು ಅನ್ನುತ್ತಾರೆ. ಅವರಿಗೆ ಹೆಚ್ಚು ಕಾಟ ಕೊಟ್ಟದ್ದು ಆಗಿನ ಇಂಟರ್‌ನೆಟ್ ಲೈನು. ಕೋಡು ಇಳಿಸಿಕೊಳ್ಳುವುದೇ ನಿಧಾನ, ನಡುವೆ ಲೈನು ಕಡಿದರೆ ಇನ್ನೂ ಫಜೀತಿ. ಅಷ್ಟು ತೊಂದರೆಯಲ್ಲೂ ಅವರು ಬಿಡಲಿಲ್ಲ. ಇವತ್ತು ರಾಜೀವನಗರದ ಗಲ್ಲಿಗೂ ಫೈಬರ್ ಬಂದಿದೆ. ಲೈನಿನ ನೆಪ ಹೇಳಲು ನಮಗೆ ಜಾಗವೇ ಇಲ್ಲ.

ನಮ್ಮ ತಂಡದಲ್ಲಿ ಇದನ್ನು ಜಾರಿಗೆ ತಂದಾಗ ಎಲ್ಲರೂ ಮೊದಲು ಕೇಳಿದ್ದು ಯಾವ ಟೂಲ್ ಹಾಕೋಣ ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಜೆಂಕಿನ್ಸ್ ಇದೆ, ಹಳೆಯ ಡೆಸ್ಕ್‌ಟಾಪ್ ಒಂದಿದ್ದರೆ ಖರ್ಚಿಲ್ಲದೆ ಹಾಕಿಕೊಳ್ಳಬಹುದು. ಕರೆಂಟು ಹೋಗುವ ಚಿಂತೆ ಬೇಡ ಅನ್ನುವವರಿಗೆ ಗಿಟ್‌ಹಬ್ ಇದೆ, ಉಚಿತ ಖಾತೆಯವರಿಗೂ ಖಾಸಗಿ ಕೋಡಿಗೆ ಸಿಐ ಓಡಿಸಲು ತಿಂಗಳಿಗೆ 2,000 ನಿಮಿಷ ಕೊಡುತ್ತದೆ, ಚಿಕ್ಕ ತಂಡಕ್ಕೆ ಶುರು ಮಾಡಲು ಅಷ್ಟು ಸಾಕು. ನಿಜವಾದ ಮೊದಲ ಪ್ರಶ್ನೆ ಬೇರೆ. ಏನೂ ಇಲ್ಲದ ಖಾಲಿ ಕಂಪ್ಯೂಟರಿನ ಮೇಲೆ, ಒಂದೇ ಒಂದು ಕಮಾಂಡ್ ಕೊಟ್ಟರೆ, ನಿಮ್ಮ ಸಾಫ್ಟ್‌ವೇರ್ ಬಿಲ್ಡ್ ಆಗುತ್ತದೆಯೇ, ಅಂದರೆ ಓಡುವ ರೂಪಕ್ಕೆ ಸಿದ್ಧವಾಗುತ್ತದೆಯೇ?

ನಮ್ಮದು ಆಗಲಿಲ್ಲ. ಕೋಡೆಲ್ಲ ಗಿಟ್‌ನಲ್ಲಿತ್ತು, ಅಂದರೆ ಯಾರು ಯಾವಾಗ ಏನು ತಿದ್ದಿದರು ಅಂತ ನೆನಪಿಡುವ ಕಣಜದಲ್ಲಿತ್ತು, ಆದರೆ ಅದನ್ನು ಓಡಿಸಲು ಬೇಕಾದ ಎಷ್ಟೋ ಸಂಗತಿ ಒಬ್ಬೊಬ್ಬರ ತಲೆಯಲ್ಲಿ, ಒಬ್ಬೊಬ್ಬರ ಲ್ಯಾಪ್‌ಟಾಪಿನಲ್ಲಿ ಇತ್ತು. ಒಂದು ಉದಾಹರಣೆ ಕೊಡುತ್ತೇನೆ. ಶುಲ್ಕದ ರಸೀದಿಯನ್ನು ಕನ್ನಡದಲ್ಲೇ ಪಿಡಿಎಫ್ ಮಾಡುತ್ತೇವೆ. ಎಲ್ಲರ ಲ್ಯಾಪ್‌ಟಾಪಿನಲ್ಲೂ ಅದು ಸೊಗಸಾಗಿ ಬರುತ್ತಿತ್ತು. ಖಾಲಿ ಕಂಪ್ಯೂಟರಿನ ಮೇಲೆ ಓಡಿಸಿದರೆ ಮಗುವಿನ ಹೆಸರಿದ್ದ ಕಡೆ ಬರೀ ಚೌಕ ಚೌಕ. ಕನ್ನಡ ಫಾಂಟನ್ನು ಎಲ್ಲರೂ ಯಾವತ್ತೋ ತಂತಮ್ಮ ಯಂತ್ರಕ್ಕೆ ಹಾಕಿಕೊಂಡಿದ್ದರು, ಸಾಫ್ಟ್‌ವೇರಿನ ಜೊತೆಗೆ ಅದನ್ನು ಕಟ್ಟಿರಲಿಲ್ಲ. ಫಾಂಟು ಸೇರಿಸಿದ ಮೇಲೆ ಚೌಕ ಹೋಯಿತು, ಒತ್ತಕ್ಷರಗಳು ಬಿಡಿಬಿಡಿಯಾಗಿ ಬಂದವು. ಅಕ್ಷರ ಜೋಡಿಸುವ ಲೈಬ್ರರಿಯೂ ಬೇಕಿತ್ತು. ಅದನ್ನೂ ಸೇರಿಸಿದಾಗ ರಸೀದಿ ರಸೀದಿಯಂತೆ ಕಂಡಿತು. ಒಂದೇ ಒಂದು ಟೆಸ್ಟ್ ಬರೆಯುವ ಮೊದಲೇ ಸಿಐ ನಮಗೆ ಇಷ್ಟು ಕಲಿಸಿತು.

ಟೆಸ್ಟ್ ಅಂದರೆ ಏನು ಅಂತ ಕೇಳುಗರಿಗೆ ಹೇಳಬೇಕು. ಸಾಫ್ಟ್‌ವೇರನ್ನು ಪರೀಕ್ಷೆ ಮಾಡುವ ಇನ್ನೊಂದು ಪುಟ್ಟ ಸಾಫ್ಟ್‌ವೇರ್ ಅದು. ಇಷ್ಟು ಶುಲ್ಕ, ಇಷ್ಟು ರಿಯಾಯಿತಿ ಕೊಟ್ಟರೆ ಬಾಕಿ ಇಷ್ಟೇ ಬರಬೇಕು ಅಂತ ಬರೆದಿಡುವುದು. ಯಾರಾದರೂ ಕೋಡು ಸೇರಿಸಿದ ಕೂಡಲೇ ಸಿಐ ಯಂತ್ರ ಎಲ್ಲವನ್ನೂ ಹೊಸದಾಗಿ ಬಿಲ್ಡ್ ಮಾಡಿ, ಈ ಟೆಸ್ಟ್‌ಗಳನ್ನೆಲ್ಲ ಓಡಿಸಿ, ಹಸಿರು ಅಥವಾ ಕೆಂಪು ತೋರಿಸುತ್ತದೆ. ಹತ್ತು ನಿಮಿಷದೊಳಗೆ ಇದು ಮುಗಿಯಬೇಕು ಅನ್ನುವುದು ಕೆಂಟ್ ಬೆಕ್ ಹಾಕಿಕೊಟ್ಟ ಅಳತೆ. ಅದಕ್ಕಿಂತ ಹೆಚ್ಚಾದರೆ ಜನ ಕಾಯುವುದಿಲ್ಲ, ಕಾಯದಿದ್ದರೆ ನೋಡುವುದಿಲ್ಲ.

ನಮ್ಮ ತಂಡದ ಕಿರಿಯ ಹುಡುಗಿಯೊಬ್ಬಳು ಬರೆದ ಒಂದು ಟೆಸ್ಟನ್ನು ನಾನು ಹೊಸದಾಗಿ ಸೇರುವವರಿಗೆಲ್ಲ ತೋರಿಸುತ್ತೇನೆ. ಏಪ್ರಿಲ್ 1ರಂದು ರಾತ್ರಿ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಒಬ್ಬ ಪೋಷಕರು ಫೋನಿನಿಂದ ಶುಲ್ಕ ಕಟ್ಟಿದರೆ, ಆ ಹಣ ಹೊಸ ಆರ್ಥಿಕ ವರ್ಷದ ಲೆಕ್ಕಕ್ಕೆ ಹೋಗಬೇಕು. ಟೆಸ್ಟ್ ಇಷ್ಟೇ. ಅವಳ ಲ್ಯಾಪ್‌ಟಾಪಿನಲ್ಲಿ ಪಾಸಾಯಿತು. ಸಿಐನಲ್ಲಿ ಕೆಂಪು.

“ನನ್ನ ಸಿಸ್ಟಮ್‌ನಲ್ಲಿ ಸರಿಯಾಗೇ ಓಡ್ತಾ ಇದೆ ಸರ್, ಸರ್ವರ್‌ದೇ ಏನೋ ಪ್ರಾಬ್ಲಮ್ ಇರಬೇಕು” ಅಂದಳು.

“ಇರಬಹುದಮ್ಮ. ಆ ಸರ್ವರ್‌ನಲ್ಲಿ ಈಗ ಟೈಮ್ ಎಷ್ಟು ನೋಡು” ಅಂದೆ.

ನೋಡಿದಳು. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿತ್ತು. ಸಿಐ ಯಂತ್ರ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಓಡುತ್ತದೆ, ಭಾರತದ ಸಮಯದಲ್ಲಲ್ಲ. ಅದರ ಲೆಕ್ಕದಲ್ಲಿ ಆ ಪೋಷಕರು ಹಣ ಕಟ್ಟಿದ್ದು ಮಾರ್ಚ್ 31ರ ಸಂಜೆ ಆರು ನಲವತ್ತಕ್ಕೆ. ಶಾಲೆಗಳ ನಿಜವಾದ ಲೆಕ್ಕ ಓಡುವ ಸರ್ವರೂ ಹಾಗೆಯೇ ಇದೆ. ಈ ಟೆಸ್ಟ್ ಇಲ್ಲದಿದ್ದರೆ ಮಧ್ಯರಾತ್ರಿಯಿಂದ ಬೆಳಗಿನ ಜಾವ ಐದೂವರೆಯೊಳಗೆ ಬಂದ ಹಣವೆಲ್ಲ ಹಿಂದಿನ ವರ್ಷಕ್ಕೆ ಜಮೆಯಾಗುತ್ತಿತ್ತು. ಶಾಲೆಯ ಲೆಕ್ಕಿಗರು ಬ್ಯಾಂಕಿನ ಪಟ್ಟಿ ಹಿಡಿದು ತಾಳೆ ನೋಡುತ್ತ ಕೂರಬೇಕಾಗುತ್ತಿತ್ತು. ನಮ್ಮ ಲ್ಯಾಪ್‌ಟಾಪುಗಳೆಲ್ಲ ಮೈಸೂರಿನಲ್ಲೇ ಇರುವುದರಿಂದ, ಎಷ್ಟು ಸಲ ಕೈಯಾರೆ ಪರೀಕ್ಷಿಸಿದರೂ ಇದು ಸಿಕ್ಕುತ್ತಿರಲಿಲ್ಲ.

ಇನ್ನೊಂದು ನಮ್ಮ ಭಾಷೆಗೇ ಸೇರಿದ ತೊಡಕು. ಸೋಮಣ್ಣ ಅಂತ ಬರೆಯಿರಿ. ಮೊದಲ ಅಕ್ಷರದ ಓಕಾರವನ್ನು ಯುನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಚಿಹ್ನೆ ಅಂತ ಮೂರು ಬಿಡಿ ಸಂಕೇತಗಳಾಗಿಯೂ ಇಡಬಹುದು. ಎರಡೂ ಶಾಸ್ತ್ರಸಮ್ಮತ. ಪರದೆಯ ಮೇಲೆ ಎರಡೂ ಒಂದೇ ಸೋಮಣ್ಣ. ಆದರೆ ಕಂಪ್ಯೂಟರಿಗೆ ಅವರಿಬ್ಬರು ಬೇರೆ ಬೇರೆ ಜನ. ಹಳೆಯ ಕಡತಗಳಿಂದ ಪರಿವರ್ತಿಸಿ ತಂದ ಹೆಸರುಗಳಲ್ಲಿ ಒಂದು ರೂಪ, ಈಗ ಫೋನಿನಲ್ಲಿ ಟೈಪ್ ಮಾಡಿದ್ದರಲ್ಲಿ ಇನ್ನೊಂದು ರೂಪ ಇದ್ದರೆ, ಹುಡುಕಿದಾಗ ವಿದ್ಯಾರ್ಥಿಯೇ ಇಲ್ಲ ಅನ್ನುತ್ತದೆ. ಅದಕ್ಕೆ ಹೆಸರು ಒಳಗೆ ಬರುವಾಗಲೇ ಎಲ್ಲವನ್ನೂ ಒಂದು ರೂಪಕ್ಕೆ ತರಬೇಕು. ಒಮ್ಮೆ ಮಾಡಿದರೆ ಮುಗಿಯಲಿಲ್ಲ. ನಾಳೆ ಯಾರೋ ಹೊಸ ಫಾರಂ ಸೇರಿಸುತ್ತಾರೆ, ಅಲ್ಲಿ ಇದನ್ನು ಮರೆಯುತ್ತಾರೆ. ಪ್ರತಿ ಫಾರಮ್ಮೂ ಹೆಸರನ್ನು ಒಂದೇ ರೂಪಕ್ಕೆ ತರುತ್ತದೆಯೇ ಅಂತ ನೋಡುವ ಟೆಸ್ಟ್ ಇರುವ ತನಕ ಆ ಮರೆವು ಅವತ್ತೇ ಸಿಕ್ಕಿಬೀಳುತ್ತದೆ. ಕನ್ನಡದಲ್ಲಿ ಸಾಫ್ಟ್‌ವೇರ್ ಮಾಡುವವರಿಗೆ ಸಿಐ ಇನ್ನೂ ಹೆಚ್ಚು ಬೇಕು ಅಂತ ನಾನು ಹೇಳುವುದು ಇದಕ್ಕೆ. ಇಂಗ್ಲಿಷಿಗಾಗಿ ಮಾಡಿದ ಸಲಕರಣೆಗಳು ನಮ್ಮ ಅಕ್ಷರಗಳನ್ನು ಎಲ್ಲಿ ಕೈಬಿಡುತ್ತವೆ ಅಂತ ಯಾರೂ ಮೊದಲೇ ಹೇಳಿಕೊಡುವುದಿಲ್ಲ.

ಇಷ್ಟೆಲ್ಲ ಯಂತ್ರದ ಮಾತಾಯಿತು. ಕಷ್ಟ ಇರುವುದು ಮನುಷ್ಯರ ಕಡೆ.

ದಿನದ ಕೆಲಸ ದಿನವೇ ಸೇರಿಸಬೇಕು ಅಂದರೆ, ಮುಗಿಯದ ಕೆಲಸವನ್ನು ಇತರರ ಮುಂದೆ ಇಡಬೇಕು. ನಮ್ಮ ಹುಡುಗರಿಗೆ ಶಾಲೆಯಿಂದಲೂ ಆಗಿರುವ ಅಭ್ಯಾಸ ಬೇರೆ. ಪೂರ್ತಿ ಬರೆದು, ನೀಟಾಗಿ ಕಾಪಿ ಮಾಡಿ, ಆಮೇಲೆ ಮೇಷ್ಟರಿಗೆ ತೋರಿಸುವುದು. ಅರ್ಧ ಬರೆದದ್ದನ್ನು ತೋರಿಸಲು ಸಂಕೋಚ. ಆದ್ದರಿಂದ ಮೂರು ವಾರ ತಮ್ಮ ಬ್ರಾಂಚ್‌ನಲ್ಲೇ, ಅಂದರೆ ಮುಖ್ಯ ಕೋಡಿನಿಂದ ಕವಲೊಡೆದ ತಮ್ಮದೇ ಪ್ರತಿಯಲ್ಲೇ, ಇಟ್ಟುಕೊಳ್ಳುತ್ತಾರೆ. ಬ್ರಾಂಚ್ ಒಂದು ದಿನಕ್ಕಿಂತ ಹೆಚ್ಚು ಬದುಕಬಾರದು ಅಂತ ನಾವು ನಿಯಮ ಮಾಡಿದಾಗ ಬಂದ ಮೊದಲ ಆಕ್ಷೇಪವೇ ಇದು, ಅರ್ಧ ಆದದ್ದನ್ನು ಸೇರಿಸಿದರೆ ಶಾಲೆಯವರಿಗೆ ಕಾಣಿಸುವುದಿಲ್ಲವೇ ಅಂತ. ಕಾಣಿಸದ ಹಾಗೆ ಮಾಡಬಹುದು. ಹೊಸ ಭಾಗವನ್ನು ಒಂದು ಸ್ವಿಚ್ಚಿನ ಹಿಂದೆ ಇಟ್ಟು, ಮುಗಿಯುವ ತನಕ ಆ ಸ್ವಿಚ್ಚನ್ನು ಆಫ್ ಮಾಡಿಟ್ಟರಾಯಿತು. ಕೋಡು ಎಲ್ಲರ ಕೋಡಿನೊಂದಿಗೆ ದಿನವೂ ಬೆರೆಯುತ್ತದೆ, ಬಳಸುವವರಿಗೆ ಮುಗಿದ ಮೇಲೆಯೇ ಕಾಣುತ್ತದೆ. ಚಿಕ್ಕ ಚಿಕ್ಕದಾಗಿ ಒಡೆದು ಕೆಲಸ ಮಾಡುವುದನ್ನು ಕಲಿಯಲು ತಿಂಗಳುಗಳೇ ಬೇಕಾದವು, ಈಗಲೂ ಕೆಲವರಿಗೆ ಕಷ್ಟ. ಆದರೂ ಸಡಿಲ ಬಿಡಲಿಲ್ಲ, ಏಕೆಂದರೆ ಬ್ರಾಂಚ್‌ಗಳನ್ನು ವಾರಗಟ್ಟಲೆ ಬೇರೆ ಇಟ್ಟುಕೊಂಡು ಜೆಂಕಿನ್ಸ್ ಓಡಿಸುವುದಕ್ಕೆ ಸಿಐ ಅನ್ನಲಾಗದು.

ಎರಡನೆಯ ನಿಯಮ ಇನ್ನೂ ಮುಖ್ಯ. ಬಿಲ್ಡ್ ಕೆಂಪಾದರೆ ಬೇರೆ ಯಾರೂ ಹೊಸದನ್ನು ಸೇರಿಸಬಾರದು. ಮೊದಲು ಅದನ್ನು ಹಸಿರು ಮಾಡಬೇಕು. ಹತ್ತು ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಆ ಕೋಡನ್ನು ವಾಪಸ್ ತೆಗೆಯಬೇಕು, ಸಾವಕಾಶವಾಗಿ ಸರಿ ಮಾಡಿ ಮತ್ತೆ ಹಾಕಬೇಕು. ಸೀನಿಯರ್ ಬರೆದದ್ದಾದರೂ ಅಷ್ಟೇ. ಜೂನಿಯರ್ ಒಬ್ಬರು ಸೀನಿಯರ್ ಕೋಡನ್ನು ವಾಪಸ್ ತೆಗೆಯುವುದು ನಮ್ಮ ಕಡೆ ಸುಲಭದ ಮಾತಲ್ಲ, ಅದನ್ನು ಅಗೌರವ ಅಂದುಕೊಳ್ಳುತ್ತಾರೆ. ಹಾಗೆ ತೆಗೆದವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳುವುದನ್ನು ನಾವು ಪದ್ಧತಿ ಮಾಡಿಕೊಂಡೆವು.

ಕೆಂಪು ಯಾರಿಗೂ ಅವಮಾನ ಆಗಬಾರದು. ಜೆಂಕಿನ್ಸ್ ಹುಟ್ಟಿದ ಕಥೆಯನ್ನೇ ತೆಗೆದುಕೊಳ್ಳಿ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿದ್ದ ಕೊಹ್ಸುಕೆ ಕವಗುಚಿ ಎಂಬ ಜಪಾನಿನ ಇಂಜಿನಿಯರ್, ತಮ್ಮ ಕೋಡಿನಿಂದ ಬಿಲ್ಡ್ ಒಡೆದು ಸಹೋದ್ಯೋಗಿಗಳ ಸಿಟ್ಟಿಗೆ ಗುರಿಯಾಗಿ ಬೇಸತ್ತು, ಅವರಿಗೆ ಗೊತ್ತಾಗುವ ಮೊದಲೇ ತನಗೆ ಗೊತ್ತಾಗಲಿ ಅಂತ 2004ರಲ್ಲಿ ಬರೆದ ಸಾಫ್ಟ್‌ವೇರ್ ಅದು. ಆಗ ಹಡ್ಸನ್ ಅಂತ ಹೆಸರು, 2011ರಲ್ಲಿ ಜೆಂಕಿನ್ಸ್ ಆಯಿತು. ಬಿಲ್ಡ್ ಒಡೆಯುವ ಭಯ ಲೋಕದಲ್ಲಿ ಎಲ್ಲ ಕಡೆ ಇದ್ದದ್ದೇ. ಆ ಭಯವನ್ನು ಬೈದು ಹೆಚ್ಚಿಸಿದರೆ ಜನ ಕೋಡನ್ನು ಬಚ್ಚಿಟ್ಟುಕೊಳ್ಳುತ್ತಾರೆ, ನಾವು ಮತ್ತೆ ರಿಲೀಸ್ ನೈಟ್‌ಗೆ ಬಂದು ನಿಲ್ಲುತ್ತೇವೆ.

ಕೆಂಪಿಗೆ ಹೆದರಬಾರದು, ಆದರೆ ಅದನ್ನು ನಂಬುವಂತಿರಬೇಕು. ಇದಕ್ಕೆ ಕರ್ನಾಟಕದಲ್ಲೇ ನಡೆದ ಒಂದು ದೊಡ್ಡ ಉದಾಹರಣೆ ಗ್ಲಸ್ಟರ್. ಬಹಳಷ್ಟು ಕಂಪ್ಯೂಟರುಗಳ ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಉಗ್ರಾಣದ ಹಾಗೆ ಬಳಸಲು ಬಿಡುವ ಮುಕ್ತ ತಂತ್ರಾಂಶ. ಅದನ್ನು ಬರೆದ ಇಂಜಿನಿಯರುಗಳಲ್ಲಿ ಬಹಳ ಮಂದಿ ಬೆಂಗಳೂರಿನಲ್ಲಿದ್ದವರು. 2011ರಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳನ್ನು ಕೊಟ್ಟ ಅರವಿಂದ ವಿ.ಕೆ. ಈ ಗ್ಲಸ್ಟರ್ ಮೇಲೆ ಕೆಲಸ ಮಾಡಿದವರೇ. ಅಲ್ಲಿ ಪ್ರತಿ ಬದಲಾವಣೆಯ ಮೇಲೂ ಜೆಂಕಿನ್ಸ್ ಮೊದಲು ಒಂದು ಚಿಕ್ಕ ಪರೀಕ್ಷೆ, ಆಮೇಲೆ ಹಳೆಯದು ಯಾವುದೂ ಕೆಟ್ಟಿಲ್ಲ ಅಂತ ನೋಡುವ, ಗಂಟೆಗಟ್ಟಲೆ ನಡೆಯುವ ರಿಗ್ರೆಶನ್ ಪರೀಕ್ಷೆ ಓಡಿಸುತ್ತಿತ್ತು. ಅವರನ್ನು ಬಹುಕಾಲ ಕಾಡಿದ್ದು ಕಾರಣವಿಲ್ಲದೆ ಸೋಲುವ ಟೆಸ್ಟ್‌ಗಳು. ಕೋಡು ಸರಿಯಿದ್ದರೂ ಒಂದು ಸಲ ಕೆಂಪು, ಮತ್ತೆ ಓಡಿಸಿದರೆ ಹಸಿರು. ಹೀಗಾದರೆ ಜನ ಕೆಂಪನ್ನು ನಂಬುವುದು ಬಿಟ್ಟು, ರೀಚೆಕ್ ಅಂತ ಬರೆದು ಇನ್ನೊಮ್ಮೆ ಓಡಿಸಿ ಸುಮ್ಮನಾಗುತ್ತಾರೆ. ನಿಜವಾದ ದೋಷ ಬಂದ ದಿನವೂ ಹಾಗೇ ಮಾಡುತ್ತಾರೆ. ಗ್ಲಸ್ಟರ್‌ನವರು ಅಂಥ ಟೆಸ್ಟ್‌ಗಳನ್ನು ಗುರುತಿಸಿ, ಕೆಟ್ಟ ಟೆಸ್ಟ್ ಅಂತ ಕಡತದಲ್ಲೇ ಮುದ್ರೆ ಹಾಕಿ, ಅವುಗಳ ಫಲಿತಾಂಶವನ್ನು ಲೆಕ್ಕದಿಂದ ಹೊರಗಿಟ್ಟರು. ಅದರಿಂದ ನಾವು ಕಲಿತದ್ದು ಒಂದು. ನಂಬಲಾಗದ ಟೆಸ್ಟ್ ಕಂಡರೆ ಅವತ್ತೇ ಪಕ್ಕಕ್ಕೆ ತೆಗೆಯುತ್ತೇವೆ, ಸರಿಮಾಡಿ ಒಳಗೆ ತರುತ್ತೇವೆ. ನಂಬಿಕೆಯಿರುವ ನೂರು ಟೆಸ್ಟ್ ಸಾಕು, ನಂಬಿಕೆಯಿಲ್ಲದ ಸಾವಿರ ಬೇಡ.

ಹಳೆಯ ಕೋಡಿಗೆ ಟೆಸ್ಟೇ ಇಲ್ಲ, ಎಲ್ಲಿಂದ ಶುರು ಮಾಡುವುದು ಅಂತ ಬೇರೆ ತಂಡಗಳವರು ಕೇಳುತ್ತಾರೆ. ಎಲ್ಲದಕ್ಕೂ ಕೂತು ಟೆಸ್ಟ್ ಬರೆಯಲು ಯಾವ ಮಾಲೀಕರೂ ಆರು ತಿಂಗಳು ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಬಳಸುವವರಿಂದ ಯಾವ ದೂರು ಬರುತ್ತದೋ, ಅದನ್ನು ಸರಿಪಡಿಸುವ ಮೊದಲು ಆ ದೂರನ್ನೇ ಒಂದು ಟೆಸ್ಟಾಗಿ ಬರೆಯಿರಿ. ಅದು ಕೆಂಪಾಗುತ್ತದೆ. ಆಮೇಲೆ ಕೋಡು ಸರಿಮಾಡಿ, ಹಸಿರಾಗುತ್ತದೆ. ಆ ದೂರು ಸದ್ದಿಲ್ಲದೆ ಮರಳಿ ಬರುವ ದಾರಿ ಮುಚ್ಚಿತು. ಹಣ ಎಲ್ಲಿ ಓಡಾಡುತ್ತದೋ ಅಲ್ಲಿಂದ ಶುರು ಮಾಡಿ, ಬಣ್ಣ ಬೆಡಗಿನ ಪುಟಗಳು ಕಾಯಲಿ.

ಇದರಿಂದ ನಮ್ಮ ಮಹಡಿಯಲ್ಲಿ ಬದಲಾದದ್ದು ಮುಖ್ಯವಾಗಿ ಮನೆಗೆ ಹೋಗುವ ಹೊತ್ತು. ಮೊದಲು ರಿಲೀಸ್ ಅಂದರೆ ರಾತ್ರಿಯ ಕೆಲಸ. ರಂಜಾನ್ ತಿಂಗಳಲ್ಲಿ ಬಂದರಂತೂ, ದಿನವಿಡೀ ಉಪವಾಸವಿದ್ದವರು ಇಫ್ತಾರಿಗೆ ಎರಡು ಖರ್ಜೂರ ಬಾಯಿಗೆ ಹಾಕಿಕೊಂಡು ಮತ್ತೆ ಕಂಪ್ಯೂಟರ್ ಮುಂದೆ ಕೂರಬೇಕಿತ್ತು. ಹೆಣ್ಣುಮಕ್ಕಳನ್ನು ಕರೆದೊಯ್ಯಲು ಅಣ್ಣನೋ ಅಪ್ಪನೋ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ರಾತ್ರಿ ಕೆಲಸಕ್ಕೆ ಮನೆಯಲ್ಲಿ ಒಪ್ಪುವುದಿಲ್ಲ ಅಂತ ಒಳ್ಳೆಯ ಇಂಜಿನಿಯರುಗಳು ಕೆಲಸವನ್ನೇ ಬಿಡುವುದನ್ನು ಈ ಊರಿನಲ್ಲಿ ಕಂಡಿದ್ದೇನೆ. ಅವರ ಯೋಗ್ಯತೆಗೆ ಏನೂ ಕೊರತೆ ಇರಲಿಲ್ಲ, ಕೆಲಸದ ಪದ್ಧತಿ ಅವರನ್ನು ಹೊರಗೆ ಹಾಕಿತು. ಈಗ ನಾವು ಬೆಳಗ್ಗೆ ಹನ್ನೊಂದಕ್ಕೆ, ವಾರದ ನಡುವೆ ರಿಲೀಸ್ ಮಾಡುತ್ತೇವೆ. ಏನಾದರೂ ಹೆಚ್ಚು ಕಡಿಮೆಯಾದರೆ ಸರಿಮಾಡಲು ಎಲ್ಲರೂ ಇರುತ್ತಾರೆ, ಸಂಜೆಯೂ ಮುಂದಿರುತ್ತದೆ. ಬದಲಾವಣೆಯೂ ಚಿಕ್ಕದು, ಹುಡುಕಬೇಕಾದ ಜಾಗವೂ ಚಿಕ್ಕದು.

ಇನ್ನೊಂದು ವಿಷಯ ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಮೂರು ನಾಲ್ಕು ವಿದ್ಯಾರ್ಥಿಗಳು ಒಂದು ಗುಂಪು. ಬಹಳ ಕಡೆ ಕೋಡೆಲ್ಲ ಒಬ್ಬರೇ ಬರೆಯುತ್ತಾರೆ, ವರದಿ ಇನ್ನೊಬ್ಬರು, ಸ್ಲೈಡು ಮತ್ತೊಬ್ಬರು. ವೈವಾದ ಹಿಂದಿನ ರಾತ್ರಿ ಪೆನ್‌ಡ್ರೈವ್‌ನಲ್ಲಿ ಎಲ್ಲ ಒಟ್ಟು ಸೇರುತ್ತದೆ. ಅವರು ನಮ್ಮಲ್ಲಿಗೆ ಸೇರಿದಾಗ ಪ್ರೋಗ್ರಾಮಿಂಗ್ ಬರುತ್ತದೆ, ಜೊತೆಯಲ್ಲಿ ಬರೆಯುವುದು ಬರುವುದಿಲ್ಲ. ಪ್ರಾಜೆಕ್ಟಿಗೆ ಕೊಡುವ ಅಂಕಗಳಲ್ಲಿ ಒಂದು ಪಾಲನ್ನು ಇದಕ್ಕೆ ಇಡಿ. ನಾಲ್ವರೂ ಒಂದೇ ಮುಖ್ಯ ಬ್ರಾಂಚಿಗೆ ವಾರವೆಲ್ಲ ಸೇರಿಸುತ್ತ ಬಂದಿದ್ದಾರೆಯೇ, ಖಾಲಿ ಕಂಪ್ಯೂಟರಿನ ಮೇಲೆ ಅದು ಬಿಲ್ಡ್ ಆಗುತ್ತದೆಯೇ, ಕೆಂಪಾದಾಗ ಯಾರು, ಎಷ್ಟು ಹೊತ್ತಿನಲ್ಲಿ ಸರಿಮಾಡಿದರು. ಇದೆಲ್ಲ ಗಿಟ್‌ನ ಇತಿಹಾಸದಲ್ಲಿ, ಸಿಐನ ದಾಖಲೆಯಲ್ಲಿ ದಿನಾಂಕ ಸಮೇತ ಇರುತ್ತದೆ, ಲ್ಯಾಬಿನಲ್ಲಿ ಕೂತೇ ತೆಗೆದು ನೋಡಬಹುದು. ಹೊಸ ಯಂತ್ರ ಬೇಕಿಲ್ಲ, ಹೊಸ ಪಠ್ಯಪುಸ್ತಕವೂ ಬೇಕಿಲ್ಲ. ಬರುವ ಸೆಮಿಸ್ಟರಿಗೇ ಶುರು ಮಾಡಬಹುದು.